‘ಬೂನ್‌ಡಾಗಲ್’ ಪದದ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ಕೈಗೊಂಡ ಪರಿಹಾರ ಕಾಮಗಾರಿಗಳನ್ನೆಲ್ಲ ನಿನ್ನ ಪ್ರಬಂಧದಲ್ಲಿ ‘ಬೂನ್‌ಡಾಗಲ್’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀಯೆ. ಸಾರ್ವಜನಿಕರ ಹಣ ಸುರಿದೂ ಯಾರಿಗೂ ಪ್ರಯೋಜನವಾಗದ ಯೋಜನೆ ಎಂಬುದು ಅದರ ಇಂದಿನ ಅರ್ಥ. ಸ್ವಂತ ದುಡ್ಡನ್ನು ದುಂದುಮಾಡುವವರಿಗೆ ಅದು ಅಷ್ಟಾಗಿ ಸಲ್ಲದು. ಬೊಕ್ಕಸದ ಹಣ ಪೋಲಾದಾಗಲೇ ಜನ ಅದನ್ನು ಬಳಸುತ್ತಾರೆ. ಆದರೆ ಆ ಪದಕ್ಕೆ ಈ ಕಳಂಕ ಅಂಟಿದ್ದು ಹೇಗೆಂದು ನೀನು ತಿಳಿಯಬೇಕು.

ತೊಗಲಿನ ಎಳೆಗಳನ್ನು ಒಂದರ ಮೇಲೊಂದು ಮಡಚಿ, ಪ್ರತಿ ಸುತ್ತಿಗೂ ಬಿಗಿಯಾಗಿ ಎಳೆದು, ಅಮೆರಿಕದ ಬಾಯ್ ಸ್ಕೌಟ್ ಹುಡುಗರು ಹೆಣೆಯುತ್ತಿದ್ದ ಹುರಿಗೆ 1920ರ ದಶಕದಲ್ಲಿ ಬೂನ್‌ಡಾಗಲ್ ಎಂಬ ಹೆಸರಿತ್ತು. ರಾಚೆಸ್ಟರ್ ನಗರದ ಸ್ಕೌಟ್ ರಾಬರ್ಟ್ ಲಿಂಕ್ ಆ ಹೆಸರನ್ನು ಹುಟ್ಟುಹಾಕಿದರೆಂಬುದು ಪ್ರಚಲಿತ ವಿವರಣೆ. 1929ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸ್ಕೌಟ್‌ಗಳ ಮಹಾಮೇಳವಾದ ವಿಶ್ವ ಜಾಂಬೂರಿಯಲ್ಲಿ ವೇಲ್ಸ್ ರಾಜಕುಮಾರನಿಗೂ ಅಂಥದೊಂದು ಹುರಿಯನ್ನು ಕೊಟ್ಟಿದ್ದರು. ಹುಡುಗರ ಕೈಕೆಲಸದ ಹೆಸರಾಗಿಯೇ ಅದು ಉಳಿಯಬಹುದಿತ್ತು.

1935ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರಸಭೆಯ ಸಮಿತಿಯೊಂದು ನಿರುದ್ಯೋಗ ಪರಿಹಾರದ ವೆಚ್ಚವನ್ನು ವಿಚಾರಣೆ ಮಾಡುತ್ತಿದ್ದಾಗ, ಕರಕುಶಲ ಕಲಿಸುತ್ತಿದ್ದ ರಾಬರ್ಟ್ ಮಾರ್ಷಲ್ ತಾವು ಕಲಿಸುವುದರಲ್ಲಿ ಬೂನ್‌ಡಾಗಲ್ ಕೂಡ ಇದೆಯೆಂದು ಹೇಳಿದರು. ನಿರುದ್ಯೋಗಿಗಳಿಗೆ ಆಟ ಕಲಿಸಲು 31,87,000 ಡಾಲರ್ ಖರ್ಚಾಗಿದೆಯೆಂಬ ಶೀರ್ಷಿಕೆಯಡಿ ನ್ಯೂಯಾರ್ಕ್ ಟೈಮ್ಸ್ ಅದನ್ನು ವರದಿ ಮಾಡಿತು. ಅಧ್ಯಕ್ಷ ರೂಸ್‌ವೆಲ್ಟ್ ಅವರ ವಿರೋಧಿಗಳಿಗೆ ಅಷ್ಟೇ ಸಾಕಾಯಿತು. ಪರಿಹಾರ ಕಾಮಗಾರಿಗಳಿಗೆಲ್ಲ ಅವರು ಅದೇ ಹೆಸರನ್ನು ಹಚ್ಚತೊಡಗಿದರು. ರೂಸ್‌ವೆಲ್ಟ್ ಹಿಂಜರಿಯಲಿಲ್ಲ. ಬೂನ್‌ಡಾಗಲ್ ಮಾಡಿಯೇ ಈ ಕುಸಿತದಿಂದ ಪಾರಾಗುವುದಾದರೆ ಆ ಪದ ಜನರ ಹೃದಯದಲ್ಲಿ ಬಹುಕಾಲ ನೆಲೆಸುತ್ತದೆ ಎಂಬರ್ಥದ ಮಾತನ್ನು 1936ರ ಜನವರಿಯಲ್ಲಿ ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್ ನಗರದಲ್ಲಿ ಆಡಿದರು.

ಆ ಹೆಸರಿನಿಂದ ಹೆಚ್ಚು ಹೀಗಳೆಯಲ್ಪಟ್ಟ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಎಂಬ ಸರ್ಕಾರಿ ಪರಿಹಾರ ಸಂಸ್ಥೆ 1935ರಿಂದ 1943ರವರೆಗೆ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ರಸ್ತೆ, ಸೇತುವೆ, ಶಾಲೆಗಳನ್ನು ಕಟ್ಟಿಸಿತು. ನ್ಯೂಯಾರ್ಕಿನ ಲಗಾರ್ಡಿಯಾ ವಿಮಾನ ನಿಲ್ದಾಣವೂ ಅದರ ನೆರವಿನಿಂದಲೇ ನಿರ್ಮಾಣವಾಯಿತು. ಪೋಲಾದ ಹಣವೂ ಅದರಲ್ಲಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸಂಬಳವೇ ಇಲ್ಲದ ಮನೆಗೆ ಬಂದ ಕೂಲಿಯನ್ನು ಲೆಕ್ಕದಿಂದ ಬಿಟ್ಟು ದಂಡವೆಂದು ಬರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಪ್ರಬಂಧವನ್ನು ಒಪ್ಪಿಸುವ ಮುನ್ನ ಆ ಒಂದು ವಾಕ್ಯವನ್ನು ತಿದ್ದು ಮಗಳೇ. ನೀನು ಬೂನ್‌ಡಾಗಲ್ ಎನ್ನುವುದು ಯಾವ ಕಾಮಗಾರಿಯನ್ನು, ಅದಕ್ಕೆ ತಗುಲಿದ ವೆಚ್ಚವೆಷ್ಟು, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ಅಲ್ಲಿಯೇ ಬರೆ.

ನಿನ್ನ ಪ್ರೀತಿಯ,
ಅಪ್ಪ