ಟ್ರೆಷರ್ ಐಲೆಂಡಿನ ಸಂಜೆಗಾಗಿ ಕೃತಜ್ಞತೆಗಳು

ನಮ್ಮ ಸಂಸ್ಥೆಯ ಹಳೆಯ ಡೇಟಾಬೇಸನ್ನು ಹೊಸ ಸರ್ವರುಗಳಿಗೆ ಸ್ಥಳಾಂತರಿಸುವ ಕೆಲಸ 2012ರ ಆಗಸ್ಟ್ ಕೊನೆಯಲ್ಲಿ ಮುಗಿಯಿತು. ಒಂದು ದಾಖಲೆಯೂ ಕಳೆದುಹೋಗದಂತೆ, ಬಳಕೆದಾರರಿಗೆ ಅದರ ಸುಳಿವೂ ಹತ್ತದಂತೆ ಅದನ್ನು ನಡೆಸಿಕೊಟ್ಟ ತಂಡದಲ್ಲಿ ನಾನೂ ಒಬ್ಬನಾಗಿದ್ದೆ. ಅದರ ಬೆನ್ನಿಗೇ, ಡೇಟಾಬೇಸ್ ತಂತ್ರಾಂಶದ ಕಂಪನಿಯಾದ ಒರಾಕಲ್ ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಸುತ್ತಿದ್ದ ಒರಾಕಲ್ ಓಪನ್‌ವರ್ಲ್ಡ್ ಸಮ್ಮೇಳನಕ್ಕೆ ತಂಡದ ಪರವಾಗಿ ಒಬ್ಬರನ್ನು ಕಳುಹಿಸಲು ಮೇಲಧಿಕಾರಿಗಳು ಒಪ್ಪಿದರು. ಆ ಅವಕಾಶ ನನ್ನ ಪಾಲಿಗೆ ಬಂದಿತು. ಸಮ್ಮೇಳನದಲ್ಲಿ ಕಲಿತದ್ದರ ವರದಿಯನ್ನು ಬೇರೆಯಾಗಿ ಸಲ್ಲಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅಕ್ಟೋಬರ್ 3ರ ಬುಧವಾರ ಸಂಜೆ ಅಲ್ಲಿನ ಟ್ರೆಷರ್ ಐಲೆಂಡ್ ದ್ವೀಪದಲ್ಲಿ ಪರ್ಲ್ ಜ್ಯಾಮ್ ಎಂಬ ರಾಕ್ ಬ್ಯಾಂಡು ನೀಡಿದ ಕಾರ್ಯಕ್ರಮದ ಬಗ್ಗೆ, ಹಾಗೂ ಆ ಸಂಜೆ ನನಗೆ ದಕ್ಕುವಂತೆ ಮಾಡಿದವರ ಬಗ್ಗೆ.

ಸಮ್ಮೇಳನಕ್ಕೆ ಬಂದ ಗ್ರಾಹಕರಿಗೆ ಧನ್ಯವಾದ ಹೇಳಲೆಂದು ಒರಾಕಲ್ ಸಂಸ್ಥೆ ಏರ್ಪಡಿಸುತ್ತಿದ್ದ ಖಾಸಗಿ ಸಂಜೆ ಅದು. ಅದಕ್ಕೆ ಟಿಕೆಟ್ ಮಾರಾಟವೆಂಬುದಿರಲಿಲ್ಲ. ಕುತ್ತಿಗೆಯಲ್ಲಿ ಸಮ್ಮೇಳನದ ಬ್ಯಾಡ್ಜ್ ಇದ್ದವರಿಗೆ ಪ್ರವೇಶ, ಇಲ್ಲದವರಿಗೆ ಇಲ್ಲ. ಈ ಏರ್ಪಾಡು ಬೇರೆ ಯಾವ ಬ್ಯಾಂಡಿನದಾಗಿದ್ದರೂ ನಾನು ಎರಡನೆಯ ಸಲ ಯೋಚಿಸುತ್ತಿರಲಿಲ್ಲ. ಆದರೆ ಪರ್ಲ್ ಜ್ಯಾಮ್ ಎಂದರೆ, ಟಿಕೆಟ್ ದರ 20 ಡಾಲರಿನೊಳಗೆ ಇರಬೇಕೆಂದು ಹಟ ಹಿಡಿದು, ಅದರ ಮೇಲಿನ ಸೇವಾ ಶುಲ್ಕದ ವಿಷಯದಲ್ಲಿ ಟಿಕೆಟ್‌ಮಾಸ್ಟರ್ ಎಂಬ ಟಿಕೆಟ್ ಮಾರಾಟದ ಕಂಪನಿಯನ್ನೇ ಎದುರು ಹಾಕಿಕೊಂಡ ಬ್ಯಾಂಡು. ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಮತ್ತು ಬಾಸ್ ವಾದಕ ಜೆಫ್ ಅಮೆಂಟ್ 1994ರ ಜೂನ್ 30ರಂದು ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ಹಾಜರಾಗಿ ಸಾಕ್ಷ್ಯ ಹೇಳಿದ್ದರು. ಆ ಹೋರಾಟದಲ್ಲಿ ಅವರು ಗೆಲ್ಲಲಿಲ್ಲ. ಟಿಕೆಟ್‌ಮಾಸ್ಟರಿನ ಹಿಡಿತವಿಲ್ಲದ ಸಭಾಂಗಣಗಳನ್ನು ಹುಡುಕಿಕೊಂಡು ಪ್ರವಾಸ ಮಾಡುವುದು ದುಸ್ತರವೆಂದು ಕಂಡು, ಕೊನೆಗೆ ಅದೇ ಕಂಪನಿಯ ಟಿಕೆಟ್ ವ್ಯವಸ್ಥೆಗೆ ಮರಳಿದರು. ಅವರ ಅಭಿಮಾನಿ ಸಂಘವಾದ ಟೆನ್ ಕ್ಲಬ್ಬಿನಲ್ಲಿ ಒಳ್ಳೆಯ ಆಸನಗಳು ಸದಸ್ಯತ್ವದ ಹಿರಿತನಕ್ಕೆ ಅನುಸಾರವಾಗಿ ಹಂಚಿಕೆಯಾಗುತ್ತವೆ. ವರ್ಷಗಟ್ಟಲೆ ಸದಸ್ಯತ್ವ ಉಳಿಸಿಕೊಂಡು ಬಂದವರು ಆ ಸಂಜೆ ಬೇಲಿಯ ಹೊರಗಿದ್ದರು. ಡೇಟಾ ಸಂಗ್ರಹಣಾ ಸಾಧನಗಳ ಬಗ್ಗೆ ಮಾತನಾಡುತ್ತ ಬಂದ ನಾವು ವೇದಿಕೆಯ ಮುಂದೆ ನಿಂತಿದ್ದೆವು. ನನ್ನ ಸಂತೋಷದೊಳಗೆ ಈ ಮುಜುಗರವೂ ಸೇರಿತ್ತೆಂಬುದನ್ನು ಮುಚ್ಚಿಟ್ಟು ಧನ್ಯವಾದ ಹೇಳಿದರೆ ಅದು ಪೂರ್ಣವಾಗದು.

ಟ್ರೆಷರ್ ಐಲೆಂಡ್ 1939ರ ಅಂತಾರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಕೊಲ್ಲಿಯ ನಡುವೆ ಕಟ್ಟಿದ ಕೃತಕ ದ್ವೀಪ. ಮುಂದೆ ದಶಕಗಳ ಕಾಲ ನೌಕಾಪಡೆಯ ನೆಲೆಯಾಗಿತ್ತು. ಸಾವಿರಾರು ಜನರನ್ನು ಬಸ್ಸುಗಳಲ್ಲಿ ಬೇ ಬ್ರಿಜ್ ಮೂಲಕ ಅಲ್ಲಿಗೆ ಕರೆದೊಯ್ದು, ರಾತ್ರಿ ಮತ್ತೆ ನಗರಕ್ಕೆ ತಂದು ಬಿಡುವುದು ಸಣ್ಣ ಕೆಲಸವಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಾದ ಒಬಾಮ ಮತ್ತು ರಾಮ್ನಿಯವರ ಮೊದಲ ಚುನಾವಣಾ ಚರ್ಚೆಯೂ ಅದೇ ಸಂಜೆ ಇದ್ದುದರಿಂದ, ನಮ್ಮ ಬಸ್ಸಿನಲ್ಲಿ ಅರ್ಧದಷ್ಟು ಜನ ಮೊಬೈಲಿಗೆ ಕಿವಿಗೊಟ್ಟು ಕುಳಿತಿದ್ದರು. ಪರ್ಲ್ ಜ್ಯಾಮ್ ಹೆಸರೆತ್ತಿದವರು ಕಡಿಮೆ. ಆ ಸಂಜೆಯ ಇನ್ನೊಂದು ಬ್ಯಾಂಡಾದ ಕಿಂಗ್ಸ್ ಆಫ್ ಲಿಯಾನ್ ಬಗ್ಗೆ ನಾನು ಬರೆಯಲು ಹೊರಟಿಲ್ಲ. ಅವರ ಅಭಿಮಾನಿಗಳು ಮನ್ನಿಸಬೇಕು.

ಖಾಸಗಿ ಕಾರ್ಯಕ್ರಮದ ಶ್ರೋತೃವರ್ಗವೇ ಬೇರೆ ಬಗೆಯದು. ಹಣ ಕೊಟ್ಟು, ದಿನ ಎಣಿಸಿ ಬಂದವರು ವೇದಿಕೆಯ ಮೇಲೆ ಏನು ನಡೆದರೂ ಅರ್ಧ ದಾರಿ ಎದುರು ಬಂದು ಸ್ವೀಕರಿಸುತ್ತಾರೆ. ಇಲ್ಲಿ ಹಾಗಿರಲಿಲ್ಲ. ಮುಂದಿನ ಕೆಲವು ಸಾಲುಗಳ ಆಚೆಗೆ ಜನ ಊಟದ ಮಳಿಗೆಗಳ ಬಳಿ ಗುಂಪುಗೂಡಿ ವ್ಯವಹಾರದ ಮಾತಿನಲ್ಲಿ ಮುಳುಗಿದ್ದರು. ಮೆಲುದನಿಯ ಹಾಡುಗಳಲ್ಲಿ ಆ ಮಾತೇ ಹೆಚ್ಚು ಕೇಳಿಸುತ್ತಿತ್ತು. ಹಾಡಿನ ನಡುವೆ ಯಾರೋ ಪರಸ್ಪರ ವಿಸಿಟಿಂಗ್ ಕಾರ್ಡ್ ಬದಲಾಯಿಸಿಕೊಂಡದ್ದನ್ನೂ ಕಂಡೆ. ಇಂಥ ಜನರೆದುರು ಸಂಭಾವನೆಗೆ ತಕ್ಕಷ್ಟು ನುಡಿಸಿ ಹೊರಟುಹೋದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ, ಬಹುಶಃ ಗಮನಿಸುತ್ತಲೂ ಇರಲಿಲ್ಲ. ಬ್ಯಾಂಡಿನ ಗಾಯಕ ಎಡ್ಡಿ ವೆಡರ್ ಹಾಗೆ ಹಾಡಲಿಲ್ಲ. ಕೊಲ್ಲಿಯ ಚಳಿಗಾಳಿ ಮುಖಕ್ಕೆ ಬಡಿಯುತ್ತಿರುವಾಗಲೂ ಅವರ ದನಿ ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾಗಿ ನಿಂತು, ಅಲ್ಲಿಂದ ಕೂಗಿನವರೆಗೆ ಏರುವುದನ್ನು ಕೇಳಿದೆ. ಮೈಕ್ ಮೆಕ್‌ಕ್ರೀಡಿಯವರ ಗಿಟಾರ್ ಒಂಟಿಯಾಗಿ ಮುಂದುವರಿದಾಗಲೆಲ್ಲ ಮ್ಯಾಟ್ ಕ್ಯಾಮರಾನ್ ಡ್ರಮ್ಸ್‌ನ ಲಯವನ್ನು ಒಂದಿಷ್ಟೂ ಸಡಿಲಿಸದೆ ಅದಕ್ಕೆ ನೆಲೆ ಒದಗಿಸುತ್ತಿದ್ದರು. 1990ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಬ್ಯಾಂಡು, ತನ್ನನ್ನು ಅರಸಿ ಬರದ ಜನರೆದುರು ತನ್ನ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿತೆಂಬುದು ನನಗೆ ಹಾಡುಗಳಷ್ಟೇ ಮುಖ್ಯವಾಗಿ ಕಂಡಿತು. ಅದಕ್ಕಾಗಿ ಆ ಐವರಿಗೆ ನನ್ನ ವಂದನೆಗಳು.

ನನ್ನ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಮಹಿಳೆಯೊಬ್ಬರನ್ನೂ ನೆನೆಯಬೇಕು. ಹಾಡಿನ ಮೊದಲ ಎರಡು ಸ್ವರ ಬೀಳುವಷ್ಟರಲ್ಲಿ ಅದು ಯಾವ ಆಲ್ಬಮ್ಮಿನದು, ಯಾವ ವರ್ಷದ್ದು ಎಂದು ಅವರು ಹೇಳುತ್ತಿದ್ದರು. ಈ ಬ್ಯಾಂಡು ಒಂದು ಸಂಜೆ ಹಾಡಿದ ಪಟ್ಟಿಯನ್ನು ಮರುಸಂಜೆ ಹಾಗೆಯೇ ಹಾಡುವುದಿಲ್ಲವೆಂದೂ, ಅಭಿಮಾನಿಗಳು ಊರಿಂದೂರಿಗೆ ಹಿಂಬಾಲಿಸುವುದು ಅದಕ್ಕಾಗಿಯೇ ಎಂದೂ ವಿವರಿಸಿದರು. ಅವರಿಲ್ಲದಿದ್ದರೆ ಆ ಸಂಜೆಯ ಅರ್ಧದಷ್ಟು ನನಗೆ ತಿಳಿಯದೇ ಹೋಗುತ್ತಿತ್ತು. ಕೇಬಲ್ ಹಾಸಿದವರು, ಧ್ವನಿ ನಿಯಂತ್ರಣದ ಮುಂದೆ ನಿಂತವರು, ನಡುರಾತ್ರಿಯವರೆಗೆ ಸಾಲು ಕದಡದಂತೆ ನಮ್ಮನ್ನು ಬಸ್ ಹತ್ತಿಸಿದವರು, ಅಷ್ಟು ಹೊತ್ತಿನಲ್ಲೂ ನಗುಮುಖದಿಂದ ವಾಹನ ಓಡಿಸಿದ ಚಾಲಕರು, ಇವರೆಲ್ಲರಿಗೂ ನಾನು ಋಣಿ.

ಕೊನೆಯದಾಗಿ, ಹಾಗೂ ಎಲ್ಲರಿಗಿಂತ ಮಿಗಿಲಾಗಿ, ನನ್ನ ತಂಡದವರಿಗೆ. ಸ್ಥಳಾಂತರದ ಯೋಜನೆಯನ್ನು ಮೊದಲಿನಿಂದ ರೂಪಿಸಿದ ಹಿರಿಯ ಸಹೋದ್ಯೋಗಿಯೇ ಸಮ್ಮೇಳನಕ್ಕೆ ಹೋಗಬೇಕಾಗಿದ್ದವರು. ಹೊಸ ವ್ಯವಸ್ಥೆ ಇನ್ನೂ ಪಳಗಿಲ್ಲ, ಏನಾದರೂ ಕೈಕೊಟ್ಟರೆ ಬ್ಯಾಕಪ್ಪಿನಿಂದ ಮರಳಿ ಎತ್ತಿ ನಿಲ್ಲಿಸಲು ತಾವೇ ಇರಬೇಕು ಎಂದು ಹೇಳಿ, ಅವರು ನನ್ನ ಹೆಸರನ್ನು ಸೂಚಿಸಿದರು. ಆ ವಾರ ಪೂರ್ತಿ ಕರೆ ಬಂದಾಗಲೆಲ್ಲ ಎದ್ದವರು ಅವರು ಮತ್ತು ತಂಡದ ಕಿರಿಯ ಸದಸ್ಯರಿಬ್ಬರು. ನನಗೆ ಒಂದು ಕರೆಯೂ ಬರದಂತೆ ನೋಡಿಕೊಂಡರು. ಪರ್ಲ್ ಜ್ಯಾಮ್ ಹಾಡುಗಳನ್ನು ನನಗೆ ಮೊದಲು ಕೇಳಿಸಿದವರೂ ಅದೇ ಹಿರಿಯರೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ಮುಂದಿನ ವರ್ಷದ ನೋಂದಣಿಗೆ ಅವರ ಹೆಸರನ್ನೇ ಪರಿಗಣಿಸಬೇಕೆಂದು ಮೇಲಧಿಕಾರಿಗಳಿಗೆ ಪತ್ರ ಬರೆದಿದ್ದೇನೆ; ಆ ವಾರದ ಪಾಳಿ ನನ್ನದೆಂದು ಅದರಲ್ಲಿಯೇ ಒಪ್ಪಿಕೊಂಡಿದ್ದೇನೆ.