ಊರಿನವರು ಸಿಕ್ಕರೆ ಮಾತಾಡಿಸು

ಕುಂದಾಪುರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಚೆನ್ನಾಗಿ ಹಿಡಿದಿದೆ, ನಟ್ಟಿ ಮುಗಿಯಿತು. ಮೊನ್ನೆ ನಿನ್ನ ಅಮ್ಮ ಬಂದಿದ್ದಾಗ ನಿನ್ನ ವಿಷಯ ಒಂದು ಹೇಳಿದಳು. ದುಬೈಯಲ್ಲಿ ನಿನ್ನ ಬಿಲ್ಡಿಂಗಿನ ರಾತ್ರಿ ವಾಚ್‌ಮನ್ ಫೋನಿನಲ್ಲಿ ನಮ್ಮ ಕಡೆಯ ಕನ್ನಡ ಆಡುವುದು ಕಿವಿಗೆ ಬಿತ್ತಂತೆ, ಬೈಂದೂರಿನವರು ಅಂತಲೂ ತಿಳಿಯಿತಂತೆ, ಆದರೂ ನೀನು ಸುಮ್ಮನೆ ಲಿಫ್ಟ್ ಹತ್ತಿದೆಯಂತೆ. ಗುರುತಾದರೆ ನಾಳೆ ತಮ್ಮನಿಗೆ ಕೆಲಸ ಕೊಡಿಸಿ ಅನ್ನುತ್ತಾರೆ, ಸಾಲ ಕೇಳುತ್ತಾರೆ ಎಂಬ ಅಂಜಿಕೆ ನಿನಗೆ. ಅದು ಪೂರಾ ಸುಳ್ಳಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಹೋಗಿ ಮಾತಾಡಿಸು ಮಾರಾಯ.

ನಾನು ದುಬೈಗೆ ಹೋದದ್ದು ಎಂಬತ್ತರ ದಶಕದಲ್ಲಿ. ಅಲ್ಲಿನ ಹಳೆ ಪೇಟೆ ದೇರಾದಲ್ಲಿ ಒಂದು ರೂಮು, ತುಂಬ ಬಂಕ್ ಮಂಚಗಳು. ಶುಕ್ರವಾರ ರಜೆ, ಬೆಳಿಗ್ಗೆ ಎದ್ದರೆ ಮೀನು ಮಾರ್ಕೆಟ್. ಈಗ ಅದು ಅಲ್ಲಿಲ್ಲ, 2017ರಲ್ಲಿ ವಾಟರ್‌ಫ್ರಂಟ್ ಮಾರ್ಕೆಟಿಗೆ ಹೋಯಿತು. ಒಂದು ಸಲ ಬಂಗುಡೆ ಕೊಯ್ಯಲು ಕೊಟ್ಟು ರೂಮಿನವನ ಜೊತೆ ಮಾತಾಡುತ್ತ ನಿಂತಿದ್ದೆ. ಮೀನು ಕೊಯ್ಯುತ್ತಿದ್ದ ಹುಡುಗ ತಲೆ ಎತ್ತದೆಯೇ, "ಹ್ವಾಯ್, ಕುಂದಾಪ್ರದವ್ರಾ?" ಎಂದ. ವಿಚಾರಿಸಿದರೆ ಗಂಗೊಳ್ಳಿಯವನು. ಇನ್ನೂ ವಿಚಾರಿಸಿದರೆ, ದೋಣಿ ದಾಟಿ ಬಂದು ನಮ್ಮ ಕೇರಿಗೆ ಮೀನು ತರುತ್ತಿದ್ದ ಹೆಂಗಸಿನ ಮಗ. ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿ, ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದ ಆ ತಾಯಿಯ ಮುಖ ನನಗೆ ಚೆನ್ನಾಗಿ ನೆನಪಿತ್ತು. ಅವರ ಮನೆ ಎಲ್ಲಿ, ಮಕ್ಕಳೆಷ್ಟು ಅಂತ ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಮನೆಯ ನಡುವೆ ಇದ್ದದ್ದು ಒಂದು ಹೊಳೆ ಅಷ್ಟೆ. ಗುರುತಾದದ್ದು ಸಮುದ್ರ ದಾಟಿದ ಮೇಲೆ.

ಮುಂದೆ ನನಗೆ ಟೈಫಾಯಿಡ್ ಆದಾಗ ಕೆಲಸ ಮುಗಿಸಿ ಕುಚ್ಚಲಕ್ಕಿ ಗಂಜಿ ತರುತ್ತಿದ್ದವನು ಅವನೇ. ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ತೀರಿಕೊಂಡ ಸುದ್ದಿ ಬಂದ ರಾತ್ರಿ ತಿಂಗಳ ಕೊನೆ, ನನ್ನ ಕೈಯಲ್ಲಿ ಕಾಸಿಲ್ಲ. ಅವನು ರೂಮು ರೂಮು ತಿರುಗಿ ಟಿಕೆಟಿನ ದುಡ್ಡು ಒಟ್ಟು ಮಾಡಿ ತಂದ. ನನಗೆ ಸಂಬಳ ಅವನಿಗಿಂತ ಎಷ್ಟೋ ಹೆಚ್ಚಿತ್ತು, ಅದನ್ನು ಅವನು ಒಮ್ಮೆಯೂ ಆಡಲಿಲ್ಲ.

ಆಗ ಊರಿಗೆ ಫೋನ್ ಮಾಡುವುದೆಂದರೆ ದುಬಾರಿ. ಓದು ಬಾರದ ಮನೆಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದೆವು. ಆಮೇಲೊಮ್ಮೆ ರಜೆಗೆ ಹೊರಟಾಗ ಅವನ ಕ್ಯಾಸೆಟ್, ಒಂದು ಡಬ್ಬ ನಿಡೋ ಹಾಲಿನ ಪುಡಿ, ಟೈಗರ್ ಬಾಮ್ ಹಿಡಿದುಕೊಂಡು ನಾನೇ ಗಂಗೊಳ್ಳಿಗೆ ಹೋದೆ. ಪಕ್ಕದ ಮನೆಯಿಂದ ಟೇಪ್‌ರೆಕಾರ್ಡರ್ ತಂದು ಹಾಕಿದರು. ಮಾತಿನ ನಡುವೆ ಅವನು ಕೆಮ್ಮಿದ ಕಡೆ ಆ ತಾಯಿ ನಿಲ್ಲಿಸಲು ಹೇಳಿ, ಹಿಂದೆ ತಿರುಗಿಸಿ ಮತ್ತೊಮ್ಮೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಕೆಮ್ಮು ಯಾವಾಗಿನಿಂದ ಅಂತ ಕೇಳಿದರು. ಹೊರಡುವಾಗ ಕರಿಮೆಣಸು, ಒಣಶುಂಠಿ ಪುಡಿ ಕಟ್ಟಿಕೊಟ್ಟರು. ನನಗೂ ಒಂದು ಪೊಟ್ಟಣ ಬೇರೆ.

2010ರ ಮೇ 22 ನೆನಪಾದರೆ ಈಗಲೂ ಮೈ ನಡುಗುತ್ತದೆ. ದುಬೈಯಿಂದ ಹೋದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು, 166 ಜನರಲ್ಲಿ 158 ಮಂದಿ ಹೋದರು. ನಿನ್ನೆ ರಾತ್ರಿ ಯಾರು ಹೊರಟಿದ್ದರು ಅಂತ ಆ ಬೆಳಿಗ್ಗೆ ಬಂಟರು, ಮೊಗವೀರರು, ಬ್ಯಾರಿಗಳು, ಕ್ರಿಶ್ಚಿಯನ್ನರು, ಭಟ್ಕಳದ ನವಾಯತರು ಎಲ್ಲರೂ ಎಲ್ಲರಿಗೂ ಫೋನ್ ಮಾಡಿದೆವು. ನಂಬರ್ ಇದ್ದದ್ದು ಹಿಂದೆ ಎಲ್ಲೋ ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತಾಡಿಸಿದ್ದಕ್ಕೆ. ಈಗ ಊರಲ್ಲಿ ಹೆಸರು ಕೇಳಿದ ಕೂಡಲೇ ಮುಖ ತಿರುಗಿಸುವವರು ಹೆಚ್ಚಾಗಿದ್ದಾರೆ. ನನಗೆ ಅದು ತುಂಬ ನೋವಿನ ವಿಷಯ. ಆ ಬುದ್ಧಿಯನ್ನು ನೀನು ಅಲ್ಲಿಗೆ ಕೊಂಡುಹೋಗಬೇಡ. ಯಾವ ಊರು ಅಂತ ಕೇಳು, ಯಾವ ಜನ ಅಂತ ಕೇಳಬೇಡ. ಸಂಬಳವನ್ನೂ ಕೇಳಬೇಡ. ಊರಿಗೆ ಹೋಗಿ ಎಷ್ಟು ವರ್ಷವಾಯಿತು ಅನ್ನುವುದನ್ನೂ ಮೊದಲ ದಿನವೇ ಕೆದಕಬೇಡ, ಏಜೆಂಟನ ಸಾಲ ತೀರದೆ ಹೋಗಲಾರದವರು ಬಹಳ ಮಂದಿ. ಊಟ ಆಯಿತಾ ಅಂದರೆ ಸಾಕು, ಉಳಿದದ್ದು ಅವರಾಗಿಯೇ ಹೇಳುತ್ತಾರೆ.

ಈಗ ನಿನ್ನ ಅಂಜಿಕೆಯ ಮಾತು. ಕೇಳಿದವರಿಗೆಲ್ಲ ಕೆಲಸ ಕೊಡಿಸಲು ನಿನ್ನಿಂದ ಆಗುವುದಿಲ್ಲ, ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡು, ಯಾರೂ ಬೇಸರ ಮಾಡುವುದಿಲ್ಲ. ದುಡ್ಡು ಕೊಡುವುದಾದರೆ ವಾಪಸು ಬಾರದಿದ್ದರೂ ಚಿಂತೆಯಿಲ್ಲ ಅನ್ನುವಷ್ಟೇ ಕೊಡು. ಊರಿನವರು ಅಂತ ಸಾಲಕ್ಕೆ ಜಾಮೀನು ನಿಲ್ಲಬೇಡ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡ, ನಿನ್ನ ಹೆಸರಲ್ಲಿ ಸಿಮ್ ತೆಗೆದುಕೊಡಬೇಡ. ರಜೆಗೆ ಬಂದು ತಿರುಗಿ ಹೋಗುವಾಗ ಯಾರಾದರೂ ಪಾರ್ಸೆಲ್ ಕೊಟ್ಟರೆ ಅವರೆದುರೇ ಬಿಚ್ಚಿ ನೋಡು. ಇಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ಮಾದಕ ವಸ್ತುವಿನ ಲೆಕ್ಕ, ಸಿಕ್ಕಿದರೆ ಜೈಲೂ ಆದೀತು. ಕೊಟ್ಟ ಅಜ್ಜಿಗೆ ಅದು ತಿಳಿದಿರುವುದಿಲ್ಲ. ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿಗೂ ಕಾನೂನು ಬಿಗಿ, ವೈದ್ಯರ ಚೀಟಿ ಇಲ್ಲದೆ ಒಯ್ಯಬೇಡ.

ಇನ್ನೊಂದು ವಿಷಯ, ನಿನ್ನ ವಯಸ್ಸಿನಲ್ಲಿ ಯಾರೂ ಯೋಚಿಸದ್ದು. ಒಂಟಿಯಾಗಿದ್ದವರು ಅಲ್ಲಿ ತೀರಿಕೊಂಡರೆ ದೇಹವನ್ನು ಊರಿಗೆ ಕಳಿಸಲು ಯಾರಾದರೂ ಓಡಾಡಬೇಕು. ಆಸ್ಪತ್ರೆಯ ಕಾಗದ, ಪೊಲೀಸರ ಕಾಗದ, ಮರಣ ಪತ್ರ, ಭಾರತದ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು, ದುಬೈಯ ಸೋನಾಪುರದಲ್ಲಿ ದೇಹ ಕೆಡದಂತೆ ಎಂಬಾಮಿಂಗ್, ಆಮೇಲೆ ವಿಮಾನದ ಕಾರ್ಗೋ. ಖರ್ಚಿಗೆ ಗತಿಯಿಲ್ಲದಿದ್ದರೆ ಕಾನ್ಸುಲೇಟಿನವರ ಬಳಿ ಕ್ಷೇಮನಿಧಿ ಇದೆ, ಅರ್ಜಿ ಕೊಡಬೇಕು. ಈ ಕೆಲಸ ಬಲ್ಲ ನಮ್ಮವರು ಅಲ್ಲಿದ್ದಾರೆ, ಅವರ ಜೊತೆ ಒಮ್ಮೆ ಹೋಗಿ ನೋಡಿ ಕಲಿತುಕೋ. ಯಾವುದೋ ದಿನ ಹಳ್ಳಿಯ ಮನೆಯಿಂದ, ನಿನಗೆ ಗುರುತೇ ಇಲ್ಲದವರಿಂದ ಫೋನ್ ಬಂದೀತು. ಬಂದರೆ ಆಫೀಸಿಗೆ ರಜೆ ಹಾಕಿ ಹೋಗು.

ಇಂತಿ,
ನಿನ್ನ ಮಾವ