ಗೋಡೆ ಮೇಲಿನ ನರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕ್ರಿಸ್ತನಲ್ಲಿ ವಂದನೆ. ಚರ್ಚಿನಲ್ಲಿ ನಿನ್ನ ಸೇವೆಯ ಬಗ್ಗೆ ಎದ್ದಿರುವ ಮಾತು, ಅದರ ಮೇಲೆ ಮನೆಯ ಕಷ್ಟ, ಎರಡನ್ನೂ ಹೇಳಿಕೊಂಡಿದ್ದೀಯ. "ದೇವರು ಸಹಾಯ ಮಾಡ್ತಾನೆ ಅಂತಷ್ಟೇ ಬರೀಬೇಡ, ಹೇಗೆ ಅಂತ ಬರಿ" ಅಂದಿದ್ದೀಯ. ಇದೇ ಪಾಡಿನಲ್ಲಿರುವ ಇನ್ನೂ ಕೆಲವರು ಇಲ್ಲಿದ್ದಾರೆ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಮೂರನೇ ಬೆಂಚಿನ ಗುಟ್ಟು ಮಾತ್ರ ಬಿಡೋದಿಲ್ಲ, ಹೆದರಬೇಡ.

ಮೊದಲು ಊಟ, ನಿದ್ದೆ. ಬೈಬಲಿನ ಪ್ರವಾದಿ ಎಲೀಯ ಸಾವು ಬೇಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ನಿದ್ದೆಗೆಟ್ಟ ರಾತ್ರಿ ಯಾರಿಗೂ ಉತ್ತರ ಬರೆಯಬೇಡ.

ಆಮೇಲೆ ಯೆಹೂದದ ಅರಸ ಹಿಜ್ಕೀಯ ಮಾಡಿದ್ದನ್ನು ಮಾಡು. ಅಶ್ಶೂರದವರ ಬೆದರಿಕೆ ಪತ್ರವನ್ನು ಆತ ದೇವಾಲಯಕ್ಕೆ ಒಯ್ದು ಯೆಹೋವನ ಮುಂದೆ ಹರಡಿಟ್ಟ. ನಿನ್ನ ಬಗ್ಗೆ ಅಂದದ್ದನ್ನು ಅಂದ ಹಾಗೇ ಕಾಗದದ ಮೇಲೆ ಬರೆ, ಮೆತ್ತಗೆ ಮಾಡಬೇಡ. ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ ಪ್ರಾರ್ಥಿಸು. "ಕರ್ತನೇ, ಎಲ್ಲಾ ನಿನ್ನ ಕೈಗೆ" ಅಂತ ಒಂದೇ ಉಸಿರಲ್ಲಿ ಮುಗಿಸಿದರೆ ನೋವು ಒಳಗೇ ಕೂತುಬಿಡುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.

ಇನ್ನು ನಮ್ಮ ನೆಹೆಮೀಯ, ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದವನು. ನರಿ ಹತ್ತಿದರೂ ಈ ಗೋಡೆ ಬಿದ್ದುಹೋಗುತ್ತದೆ ಅಂತ ಆ ಕೆಲಸದ ವೈರಿ ಟೋಬೀಯ ಹಂಗಿಸಿದಾಗ ಆತ ಟೋಬೀಯನಿಗೆ ಉತ್ತರ ಕೊಡದೆ ದೇವರಿಗೆ ದೂರು ಕೊಟ್ಟ. ಪ್ರಾರ್ಥಿಸಿದ, ಜೊತೆಗೆ ಹಗಲುರಾತ್ರಿ ಕಾವಲೂ ಇಟ್ಟ (ನೆಹೆಮೀಯನ ಪುಸ್ತಕ 4:9). ನಿನ್ನ ಮಟ್ಟಿಗೆ ಕಾವಲು ಅಂದರೆ ಕಾಣಿಕೆಯ ಲೆಕ್ಕಕ್ಕೆ ಇಬ್ಬರ ಸಹಿ. ತಪ್ಪು ಮಾಡಿದ ಸಹೋದರನ ಹತ್ತಿರ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಹೇಳುವ ಹಾಗೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ವೈರಿಗಳು ನಾಲ್ಕು ಸಲ ಕರೆದರೂ ನೆಹೆಮೀಯ ಕೆಲಸ ಬಿಟ್ಟು ಇಳಿಯಲಿಲ್ಲ. 52 ದಿನಕ್ಕೆ ಗೋಡೆ ಮುಗಿಯಿತು.

ಇಷ್ಟನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ನೆಹೆಮೀಯನ ಪುಸ್ತಕದಲ್ಲಿ 4ಕ್ಕೂ 6ಕ್ಕೂ ನಡುವೆ 5ನೇ ಅಧ್ಯಾಯವಿದೆಯಲ್ಲ, ಈಚೆಗೆ ಅದು ನನ್ನನ್ನು ಬಿಡುತ್ತಿಲ್ಲ. ಅಲ್ಲಿ ದೂರುವವರು ಹೊರಗಿನವರಲ್ಲ, ಅದೇ ಜನದ ಬಡವರು. ಧಾನ್ಯಕ್ಕಾಗಿ ಹೊಲ, ಮನೆ ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಬಿಟ್ಟವರು. ನೆಹೆಮೀಯ ಅವರನ್ನು ಟೋಬೀಯನ ಪಕ್ಷ ಅನ್ನಲಿಲ್ಲ. ಯೋಚಿಸಿದ, ತಾನೂ ಸಾಲ ಕೊಟ್ಟಿದ್ದೇನೆ ಅಂತ ಒಪ್ಪಿಕೊಂಡ, ಹೊಲಮನೆ ಹಿಂದಕ್ಕೆ ಕೊಡಿಸಿದ. ನನಗೆ ಬಂದ ಎಷ್ಟು ಮಾತು 5ನೇ ಅಧ್ಯಾಯದವು, ಅವನ್ನೆಲ್ಲ ನರಿಯ ಲೆಕ್ಕಕ್ಕೆ ಹಾಕಿ, "ದೇವರು ನೋಡಿಕೊಳ್ಳುತ್ತಾನೆ" ಅಂತ ಕಿವಿ ಮುಚ್ಚಿಕೊಂಡೆನಲ್ಲಾ! ನಂಬಿಕೆ ಅಂತ ನಾನು ಕರೆದದ್ದರಲ್ಲಿ ಹೆದರಿಕೆಯೂ ಇತ್ತು. ನಿನ್ನ ಕಾಗದದಲ್ಲಿರುವ ಮಾತಿನ ಎದುರಿಗೆ, ಬರೀ ಹಂಗಿಸುವ ಮಾತಾದರೆ 4, ನಿಜವಾದ ದೂರಾದರೆ 5 ಅಂತ ಗುರುತು ಹಾಕು. 5 ಇದ್ದರೆ ಹೋಗಿ ಸರಿಮಾಡು. ಸರಿಮಾಡುವ ಧೈರ್ಯ ಕೇಳಿಕೊಂಡರೆ, ಅದೂ ಆತನ ಸಹಾಯವೇ.

ಇಷ್ಟೆಲ್ಲ ಹೇಳಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ನಾಳೆ ರಾತ್ರಿ ಫೋನ್ ಮಾಡು, 5ನೇ ಅಧ್ಯಾಯ ಒಂದು ವಚನ ನೀನು, ಒಂದು ನಾನು ಓದೋಣ. ಹೆಸರುಗಳ ಪಟ್ಟಿ ಬಂದರೆ ಎಂದಿನಂತೆ ನಿನ್ನ ಪಾಲು.

ನಿನ್ನವನೇ